ಮೊಲಕ್ಕೆ ನೋವಾದರೆ ಗೊತ್ತಾಗುವುದು ಹೇಗೆ?

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ವಾದಿಸುವವರನ್ನು ನಮ್ಮ ಸಂಘದ ಸಭೆಗಳಲ್ಲಿ ಬೇಕಾದಷ್ಟು ನೋಡಿದ್ದೇವೆ. ಆದರೆ ನಿಜವಾಗಿಯೂ ಒಂದು ಮೊಲವನ್ನು ಮುಂದೆ ಕೂರಿಸಿಕೊಂಡು, ಅದಕ್ಕೆ ಕಾಲು ನೋಯುತ್ತಿದೆಯೋ, ಹೊಟ್ಟೆ ನೋಯುತ್ತಿದೆಯೋ, ಏನೂ ಇಲ್ಲವೋ ಎಂದು ಹೇಳಬಲ್ಲವರು ಎಷ್ಟು ಜನ? ನಾನಂತೂ ಹೇಳಲಾರದವನಾಗಿದ್ದೆ. ಅದರ ಬೆಲೆಯನ್ನು ನಾನು ತೆರಲಿಲ್ಲ, ಮೊಲ ತೆತ್ತಿತು. ಈ ಸಂಚಿಕೆಗೆ ಕವಿತೆಗಳೇ ಸಾಕಷ್ಟು ಬಂದಿವೆ, ಏನಾದರೂ ವಿಜ್ಞಾನ ಕೊಡು ಎಂದು ಸಂಪಾದಕ ಗೆಳೆಯರು ಬೆನ್ನು ಹತ್ತಿದ್ದರಿಂದ, ನನಗೆ ತಕ್ಕಮಟ್ಟಿಗೆ ಗೊತ್ತಿರುವ ಈ ಒಂದೇ ವಿಷಯವನ್ನು ಬರೆಯುತ್ತಿದ್ದೇನೆ.

2018ರ ದೀಪಾವಳಿಗೆ ತಂಗಿಯ ಹಟಕ್ಕೆ ಸೋತು ಅಪ್ಪ ಪುಣೆಯ ಒಂದು ಪೇಟೆಯಿಂದ ಕಪ್ಪು ಬಿಳುಪಿನ ಮರಿಯೊಂದನ್ನು ತಂದರು. ಹಂಡಬಂಡ ಬಣ್ಣ, ಹಾಗಾಗಿ ಅವ್ವ ‘ಹಂಡ್ಯಾ’ ಎಂದು ಕರೆದಳು, ಅದೇ ಹೆಸರಾಯಿತು. ಮಾರಿದವನು ಹೇಳಿದ್ದಿಷ್ಟೇ: ಗಜ್ಜರಿ ಹಾಕಿ, ನೀರು ಇಡಿ, ಮತ್ತೇನೂ ಬೇಡುವುದಿಲ್ಲ. ನಾವೂ ಹಾಗೇ ಮಾಡಿದೆವು. ಗಜ್ಜರಿ, ಬಿಸ್ಕೀಟು, ತಂಗಿ ಕದ್ದು ಕೊಡುತ್ತಿದ್ದ ಚಪಾತಿ ತುಣುಕು. 2019ರ ಮೇ ತಿಂಗಳಿನಲ್ಲಿ ಒಂದು ಶುಕ್ರವಾರ ಸಂಜೆ ಅದು ಗೋಡೆಯ ಮೂಲೆಗೆ ಮುಖ ಮಾಡಿ ಕೂತಿತು. “ಅಣ್ಣಾ, ಇದು ಮುಂಜಾನಿಂದ ಏನೂ ತಿಂದಿಲ್ಲ” ಎಂದಳು ತಂಗಿ. “ಬಿಸಲಿಗೆ ಬ್ಯಾಸತ್ತದ ಪಾಪ, ಸುಮ್ಮನ ಮಲಗಲಿ ಬಿಡ್ರಿ” ಎಂದಳು ಅವ್ವ. ನಾನು ಆಗ ಒಂಬತ್ತನೆಯ ಇಯತ್ತೆ ಮುಗಿಸಿದ ಮಹಾಪಂಡಿತ. ನೋವಿದ್ದರೆ ಕೂಗುತ್ತಿತ್ತಲ್ಲ ಎಂದೆ. ಶನಿವಾರವೂ ಅದು ಕೂಗಲಿಲ್ಲ, ಮಿಸುಕಲೂ ಇಲ್ಲ. ಎಷ್ಟು ಶಾಣ್ಯಾ ಆಗಿದೆ ನೋಡು, ಇವತ್ತು ಸೋಫಾದ ಬಟ್ಟೆ ಕಡಿದಿಲ್ಲ ಎಂದು ನಾವು ಮೆಚ್ಚಿಕೊಂಡೆವು. ರವಿವಾರ ಮುಂಜಾನೆ ಅದು ತಣ್ಣಗಾಗಿತ್ತು.

ಆಮೇಲೆ ನಮಗೆ ತಿಳಿಸಿ ಹೇಳಿದವರು ಒಬ್ಬ ಹಿರಿಯ ದನದ ಡಾಕ್ಟರು. (ದನದ ಡಾಕ್ಟರು ಎಂದರೆ ಅವರಿಗೆ ನಗು ಬರುತ್ತದೆ, ಅವರ ದವಾಖಾನೆಗೆ ದನ ಬಂದು ಹತ್ತು ವರ್ಷವಾಯಿತಂತೆ.) ಅವರು ಕೇಳಿದ ಮೊದಲ ಪ್ರಶ್ನೆ: “ಶುಕ್ರವಾರದಿಂದ ಎಷ್ಟು ಹಿಕ್ಕೆ ಹಾಕಿತ್ತು?” ನಾವು ಮುಖ ಮುಖ ನೋಡಿಕೊಂಡೆವು. ಹಿಕ್ಕೆಯನ್ನು ಯಾರಾದರೂ ಎಣಿಸುತ್ತಾರೆಯೆ? ಎಣಿಸಬೇಕು ಎಂಬುದೇ ಈ ಲೇಖನದ ಅರ್ಧ ಸಾರ.

ಮೊದಲು ಒಂದು ಗೊಂದಲ ಪರಿಹಾರವಾಗಲಿ. ನಮ್ಮ ಭಾಷೆಯಲ್ಲಿ ಮೊಲ ಎಂಬ ಒಂದೇ ಮಾತಿಗೆ ಎರಡು ಬೇರೆ ಪ್ರಾಣಿಗಳು ಸೇರಿಕೊಂಡಿವೆ. ಊರ ಹೊಲದಲ್ಲಿ ಜೋಳದ ಬೆಳೆಯಿಂದ ಛಂಗನೆ ಎದ್ದು ಓಡುವುದು ಕಾಡುಮೊಲ. ಶಾಸ್ತ್ರದಲ್ಲಿ ಲೆಪಸ್ ನಿಗ್ರಿಕಾಲಿಸ್. ಅದು ಬಿಲ ತೋಡುವುದಿಲ್ಲ. ಅದರ ಮರಿ ಹುಟ್ಟುವಾಗಲೇ ಕಣ್ಣು ಬಿಟ್ಟು, ಮೈತುಂಬ ಕೂದಲು ಹೊತ್ತು ಬರುತ್ತದೆ. ಅದನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ನಮ್ಮ ಮನೆಗಳಲ್ಲಿ ಇರುವುದು ಇನ್ನೊಂದು. ಸ್ಪೇನ್, ಪೋರ್ಚುಗಲ್ ಸೀಮೆಯ ಬಿಲದ ಮೊಲದ ಸಂತತಿ, ಓರಿಕ್ಟೊಲಾಗಸ್ ಕ್ಯುನಿಕ್ಯುಲಸ್. ಇದರ ಮರಿ ಬೆತ್ತಲೆ, ಕುರುಡು. ಬಿಲದಲ್ಲಿ ಗುಂಪಾಗಿ ಬದುಕಿದ ಪ್ರಾಣಿ ಇದು. ನಾನು ಇಲ್ಲಿ ಹೇಳುವುದೆಲ್ಲ ಈ ಎರಡನೆಯದರ ಮಾತು.

ಬಿಲದ್ದಾಗಲಿ ಬಯಲಿನದಾಗಲಿ, ಮೊಲ ಎಲ್ಲರ ಬಾಯಿಯ ತುತ್ತು. ನರಿ, ಹದ್ದು, ನಾಯಿ, ಮನುಷ್ಯ. ಗುಂಪಿನಲ್ಲಿ ಕುಂಟುವುದು ಯಾವುದು, ಸೊರಗಿದ್ದು ಯಾವುದು ಎಂದು ಬೇಟೆಯಾಡುವ ಪ್ರಾಣಿ ಮೊದಲು ಹುಡುಕುತ್ತದೆ. ನಾಯಿಯಾದರೆ ಕಾಲಿಗೆ ಮುಳ್ಳು ಚುಚ್ಚಿದರೆ ಕುಂಯ್‌ಗುಟ್ಟಿ ಇಡೀ ಓಣಿಗೆ ಸಾರುತ್ತದೆ. ಯಾಕೆಂದರೆ ಅದರ ಪೂರ್ವಿಕರು ಬೇಟೆಗಾರರು. ಮೊಲದ ಪೂರ್ವಿಕರಲ್ಲಿ ಹಾಗೆ ಸಾರಿದವು ಮರಿ ಹಾಕುವಷ್ಟು ದಿನ ಬದುಕಲಿಲ್ಲ. ಆದ್ದರಿಂದ ನೋವನ್ನು ನುಂಗಿಕೊಂಡು, ಏನೂ ಆಗಿಲ್ಲವೆಂಬಂತೆ ಕೂತಿರುವುದು ಅದಕ್ಕೆ ರಕ್ತದಲ್ಲೇ ಬಂದ ವಿದ್ಯೆ. ನಮ್ಮ ಮನೆಯ ಪಡಸಾಲೆಯಲ್ಲಿ ಹದ್ದಿಲ್ಲ ಎಂದು ಅದಕ್ಕೆ ಯಾರು ಹೇಳಬೇಕು? ಹಾಗಾಗಿ ‘ನೋವಿದ್ದರೆ ಕೂಗುತ್ತದೆ’ ಎಂಬ ನನ್ನ ತರ್ಕ ತಲೆಕೆಳಗಾದದ್ದು. ಮೊಲ ಕಿರುಚುವುದುಂಟು, ಮಗು ಚೀರಿದ ಹಾಗೆ. ಆದರೆ ಅದು ಪ್ರಾಣಭಯದಲ್ಲಿ, ಇಲ್ಲವೆ ತಡೆಯಲಾರದ ನೋವಿನಲ್ಲಿ. ಜನ್ಮದಲ್ಲಿ ಒಮ್ಮೆಯೂ ಕಿರುಚದ ಮೊಲಗಳೇ ಹೆಚ್ಚು.

ಹಾಗಾದರೆ ನೋಡಬೇಕಾದ್ದು ಏನು? ಊಟ ಮತ್ತು ಹಿಕ್ಕೆ. ಉಳಿದದ್ದೆಲ್ಲ ಆಮೇಲೆ.

ಮೊಲದ ಹೊಟ್ಟೆ ನಿಲ್ಲದ ಗಿರಣಿ. ಹಸು ಮೆಲುಕು ಹಾಕಿ ಹುಲ್ಲನ್ನು ಅರಗಿಸುತ್ತದೆ. ಮೊಲಕ್ಕೆ ಆ ಏರ್ಪಾಡಿಲ್ಲ. ಅದರ ಕರುಳಿನ ಹಿಂಭಾಗದಲ್ಲಿ ಒಂದು ದೊಡ್ಡ ಚೀಲವಿದೆ. ಅಲ್ಲಿ ಸೂಕ್ಷ್ಮಜೀವಿಗಳು ಹುಲ್ಲಿನ ಸಾರವನ್ನು ಹುದುಗಿಸುತ್ತವೆ. ನಾರು ಸತತವಾಗಿ ಬರುತ್ತಿದ್ದರೆ ಕರುಳು ಅಲುಗುತ್ತ ಇರುತ್ತದೆ. ನಾರು ನಿಂತರೆ ಕರುಳು ನಿಧಾನವಾಗುತ್ತದೆ, ಒಳಗಿನ ತೇವ ಹೀರಿಹೋಗಿ ತಿಂದದ್ದು ಕೂದಲಿನೊಂದಿಗೆ ಗಟ್ಟಿಯಾಗುತ್ತದೆ, ಸೂಕ್ಷ್ಮಜೀವಿಗಳ ಸಮತೋಲ ಕೆಟ್ಟು ಗಾಳಿ ತುಂಬುತ್ತದೆ. ಗಾಳಿ ತುಂಬಿದರೆ ನೋವು, ನೋವಾದರೆ ತಿನ್ನುವುದಿಲ್ಲ, ತಿನ್ನದಿದ್ದರೆ ಕರುಳು ಇನ್ನೂ ನಿಲ್ಲುತ್ತದೆ. ವಾಂತಿ ಮಾಡಿ ಹಗುರಾಗೋಣವೆಂದರೆ ಮೊಲಕ್ಕೆ ವಾಂತಿ ಮಾಡುವ ಶಕ್ತಿಯೇ ಇಲ್ಲ. ಇತ್ತ ಉಪವಾಸದಿಂದ ಕೊಬ್ಬು ಕರಗಿ ಪಿತ್ತಜನಕಾಂಗಕ್ಕೆ ಬಂದು ತುಂಬಿಕೊಳ್ಳುತ್ತದೆ. ಇದೇ ನಮ್ಮ ಹಂಡ್ಯಾನನ್ನು ಕೊಂದದ್ದು. ಇನ್ನೊಂದು ಸೂಕ್ಷ್ಮವಿದೆ: ಹೊಟ್ಟೆ ನಿಲ್ಲುವುದು ಯಾವಾಗಲೂ ಹೊಟ್ಟೆಯ ರೋಗವಲ್ಲ. ಹಲ್ಲು ನೋವು, ಕಾಲು ನೋವು, ಮೂತ್ರದ ಕಲ್ಲು, ಜತೆಯ ಮೊಲ ಸತ್ತ ದುಗುಡ, ಪಕ್ಕದ ಮನೆಯ ಪಟಾಕಿ — ಯಾವುದಾದರೂ ಇರಲಿ, ಅದು ಕೊನೆಗೆ ಬಂದು ಮುಟ್ಟುವುದು ಕರುಳಿಗೆ. ಆದ್ದರಿಂದ ಎಲ್ಲಿ ನೋವಾದರೂ ಮೊದಲು ಸುದ್ದಿ ಹೇಳುವುದು ಹಿಕ್ಕೆ.

ಆರೋಗ್ಯದ ಹಿಕ್ಕೆ ದುಂಡಗೆ, ಕಡಲೆಕಾಳಿನ ಆಸುಪಾಸಿನ ಗಾತ್ರ, ಒಂದೇ ಸಮ, ಬೆರಳಲ್ಲಿ ಹಿಚುಕಿದರೆ ಹುಲ್ಲಿನ ಪುಡಿಯಾಗುತ್ತದೆ. ದಿನಕ್ಕೆ ಇನ್ನೂರು, ಮುನ್ನೂರು ಹಾಕುವುದು ಸಹಜ. ಇದು ಚಿಕ್ಕದಾಗುತ್ತ ಹೋದರೆ, ಒಂದು ದೊಡ್ಡದು ಒಂದು ಸಣ್ಣದು ಬೀಳತೊಡಗಿದರೆ, ಕರ್ರಗೆ ಗಟ್ಟಿಯಾದರೆ, ಕೂದಲಿನ ಎಳೆಯಲ್ಲಿ ಪೋಣಿಸಿದ ಜಪಮಣಿಯ ಹಾಗೆ ಬಂದರೆ, ಎಚ್ಚರಗೊಳ್ಳಬೇಕು. ಹನ್ನೆರಡು ತಾಸು ಏನೂ ತಿಂದಿಲ್ಲ, ಹಿಕ್ಕೆ ಬಿದ್ದಿಲ್ಲ ಎಂದರೆ ‘ನಾಳೆ ನೋಡೋಣ’ ಎನ್ನುವಂತಿಲ್ಲ. ರಾತ್ರಿಯಾದರೂ ಸರಿ, ಡಾಕ್ಟರ ಬಾಗಿಲು ಬಡಿಯಬೇಕು. ನಾವು ಹಂಡ್ಯಾನಿಗೆ ಕೊಟ್ಟದ್ದು ಸುಮಾರು ನಲವತ್ತು ತಾಸು.

ಹಿಕ್ಕೆಯಲ್ಲಿ ಇನ್ನೊಂದು ಜಾತಿ ಇದೆ, ಅದನ್ನು ಕಂಡು ಗಾಬರಿಪಡುವವರುಂಟು. ಮೆತ್ತಗೆ, ಮಿರುಗುವ, ಪುಟ್ಟ ದ್ರಾಕ್ಷಿಗೊಂಚಲಿನಂಥದು, ವಾಸನೆಯೂ ಇರುತ್ತದೆ. ಮೊದಲ ಸಲ ಕರುಳಿನ ಚೀಲದಲ್ಲಿ ಹುದುಗಿದ ಈ ಸಾರವನ್ನು ಮೊಲ ಬಗ್ಗಿ ಹಿಂಭಾಗದಿಂದಲೇ ನೇರವಾಗಿ ಬಾಯಿಗೆ ತೆಗೆದುಕೊಂಡು ತಿನ್ನುತ್ತದೆ. ಹೇಸಿಗೆಯಲ್ಲ, ಅದರಲ್ಲಿ ಜೀವಸತ್ವಗಳೂ ಪ್ರೋಟೀನೂ ಇವೆ, ತಿನ್ನದಿದ್ದರೆ ಕೊರತೆ. ಸಾಮಾನ್ಯವಾಗಿ ಇದು ನಮ್ಮ ಕಣ್ಣಿಗೇ ಬೀಳಬಾರದು. ಬಿದ್ದಿದೆ, ಬಾಲದ ಕೆಳಗೆ ಮೆತ್ತಿಕೊಂಡಿದೆ ಎಂದರೆ ಯೋಚಿಸಬೇಕು: ಒಂದೋ ಸಿಹಿ, ಹಿಟ್ಟು ಹೆಚ್ಚಾಗಿ ತಿನ್ನಿಸುತ್ತಿದ್ದೇವೆ, ಇಲ್ಲವೆ ಅದಕ್ಕೆ ಬಗ್ಗಲಾಗುತ್ತಿಲ್ಲ. ಬಗ್ಗಲಾರದ್ದಕ್ಕೆ ಮೈ ಬೊಜ್ಜು ಕಾರಣವಿರಬಹುದು, ಬೆನ್ನು, ಕೀಲು ನೋವೂ ಇರಬಹುದು. ವಯಸ್ಸಾದ ಮೊಲದಲ್ಲಿ ಸಂಧಿವಾತಕ್ಕೆ ಇದೇ ಎಷ್ಟೋ ಸಲ ಮೊದಲ ಸಾಕ್ಷಿ.

ಇನ್ನು ಹಲ್ಲು. ಇಲ್ಲಿ ನನ್ನ ಎರಡನೆಯ ಮೊಲದ ಕತೆ ಬರುತ್ತದೆ. 2021ರಲ್ಲಿ ನಮ್ಮ ಸೊಸಾಯಿಟಿಯ ಒಂದು ಕುಟುಂಬ ಊರು ಬಿಟ್ಟು ಹೋಗುವಾಗ ಒಂದು ಬಿಳಿ ಹೆಣ್ಣುಮೊಲವನ್ನು ಬಿಟ್ಟು ಹೋಗುವುದರಲ್ಲಿತ್ತು. ಬೇಡ ಬೇಡ ಎನ್ನುತ್ತಲೇ ಅವ್ವ ಅದನ್ನು ಎತ್ತಿಕೊಂಡು ಬಂದಳು. ಹೆಸರು ಮಲ್ಲಿ. ಈ ಸಲ ನಾವು ಸ್ವಲ್ಪ ಕಲಿತಿದ್ದೆವು. ತಟ್ಟೆ ತುಂಬ ಒಣಹುಲ್ಲು, ಕೊತ್ತಂಬರಿ, ಗಜ್ಜರಿಯ ಸೊಪ್ಪು. ಗಜ್ಜರಿ ಹಬ್ಬಕ್ಕೆ ಒಂದು ಚೂರು. 2023ರ ಮಳೆಗಾಲದಲ್ಲಿ ಒಂದು ದಿನ ತಂಗಿ ಹೇಳಿದಳು: “ಅಣ್ಣಾ, ಮಲ್ಲಿಗೆ ಹಸಿವ್ಯದ, ಆದ್ರ ತಿನ್ನವಲ್ದು.” ಈ ಮಾತು ಕೇಳಲು ವಿಚಿತ್ರ, ಆದರೆ ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಹೇಳಿಲ್ಲ. ತಟ್ಟೆ ಇಟ್ಟ ಕೂಡಲೆ ಓಡಿಬರುತ್ತಿತ್ತು, ಹುಲ್ಲಿನ ಕಡ್ಡಿ ಬಾಯಿಗೆ ತೆಗೆದುಕೊಳ್ಳುತ್ತಿತ್ತು, ಎರಡು ಸಲ ಅಗಿದು ಕೆಳಗೆ ಬಿಡುತ್ತಿತ್ತು. ಕೊತ್ತಂಬರಿಯ ಎಲೆ ತಿಂದು ದಂಟು ಬಿಡುತ್ತಿತ್ತು. ಗದ್ದದ ಕೆಳಗೆ ಕೂದಲು ಒದ್ದೆ.

ಮೊಲದ ಹಲ್ಲು ಬಾಳಿನುದ್ದಕ್ಕೂ ಬೆಳೆಯುತ್ತದೆ. ಒಟ್ಟು 28, ಮುಂದಿನ ಬಾಚಿಹಲ್ಲಿನ ಹಿಂದೆ ಮರೆಯಲ್ಲಿ ಇನ್ನೊಂದು ಜತೆ ಪುಟ್ಟ ಹಲ್ಲು — ಇಲಿಗೆ ಇದಿಲ್ಲ, ಅದಕ್ಕಾಗಿಯೇ ಮೊಲವನ್ನು ಇಲಿಯ ಕುಲದಿಂದ ಬೇರೆ ತೆಗೆದಿದ್ದಾರೆ. ಬಾಚಿಹಲ್ಲು ವಾರಕ್ಕೆ ಎರಡು ಮಿಲಿಮೀಟರಿಗೂ ಹೆಚ್ಚು ಬೆಳೆಯುತ್ತದೆ. ಹುಲ್ಲನ್ನು ತಾಸುಗಟ್ಟಲೆ ಅಗಿಯುವುದರಿಂದ ಸವೆದು ಸಮವಾಗುತ್ತದೆ. ಮೆತ್ತನೆಯ ಆಹಾರ ಕೊಟ್ಟರೆ, ಅಥವಾ ಹುಟ್ಟಿನಿಂದ ದವಡೆ ಸೊಟ್ಟಗಿದ್ದರೆ, ದವಡೆಹಲ್ಲಿನ ಅಂಚು ಮುಳ್ಳಾಗಿ ಬೆಳೆಯುತ್ತದೆ. ಕೆಳಗಿನ ಹಲ್ಲಿನ ಮುಳ್ಳು ನಾಲಿಗೆಯನ್ನು ಕೊರೆಯುತ್ತದೆ, ಮೇಲಿನದು ಕೆನ್ನೆಯನ್ನು. ಮುಂದಿನ ಹಲ್ಲು ಚೆನ್ನಾಗಿದೆ ಎಂದು ತುಟಿ ಎತ್ತಿ ನೋಡಿ ಸಮಾಧಾನಪಟ್ಟರೆ ಸಾಲದು. ಹಿಂದಿನದು ನಮಗೆ ಕಾಣುವುದೇ ಇಲ್ಲ. ಡಾಕ್ಟರು ಸಣ್ಣ ನಳಿಕೆಯಂಥ ದೀಪ ಹಾಕಿ ನೋಡಿದಾಗ ಮಲ್ಲಿಯ ನಾಲಿಗೆಯ ಎಡಗಡೆ ಗಾಯವಿತ್ತು. ಅರಿವಳಿಕೆ ಕೊಟ್ಟು ತಿಕ್ಕಿ ಸಮಮಾಡಿದರು. ಮರುದಿನ ಸಂಜೆ ಮಲ್ಲಿ ದಂಟನ್ನೂ ತಿಂದಿತು.

ಆ ಅರಿವಳಿಕೆಯ ಹಿಂದಿನ ರಾತ್ರಿ ಉಪವಾಸ ಹಾಕಬೇಕೇ ಎಂದು ಅವ್ವ ಕೇಳಿದ್ದಳು; ಮನುಷ್ಯರಿಗೂ ನಾಯಿ ಬೆಕ್ಕುಗಳಿಗೂ ಹಾಗೆ ತಾನೆ. ಮೊಲಕ್ಕೆ ಹಾಕಬಾರದು. ವಾಂತಿಯ ಭಯವಿಲ್ಲ, ಉಪವಾಸದ ಅಪಾಯವೇ ಹೆಚ್ಚು. ಯಾರಾದರೂ ಮೊಲವನ್ನು ರಾತ್ರಿಯಿಡೀ ಉಪವಾಸ ಕೆಡವಿ ತನ್ನಿ ಎಂದರೆ, ಮರ್ಯಾದೆಯಿಂದಲೇ ಇನ್ನೊಮ್ಮೆ ಕೇಳಿ ನೋಡುವುದು ಒಳ್ಳೆಯದು.

ಈಗ ಮುಖದ ಮಾತು. ಮೊಲಕ್ಕೆ ಮುಖಭಾವವಿಲ್ಲ ಎಂದು ನಾವೆಲ್ಲ ತಿಳಿದಿರುತ್ತೇವೆ. 2010ರಲ್ಲಿ ಇಲಿಗಳ ಮುಖದಲ್ಲಿ ನೋವನ್ನು ಅಳೆಯುವ ಒಂದು ಪಟ್ಟಿಯನ್ನು ವಿಜ್ಞಾನಿಗಳು ಪ್ರಕಟಿಸಿದರು. 2012ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು ಮೊಲಕ್ಕೂ ಅಂಥದೊಂದನ್ನು ಮಾಡಿದರು. ಕಿವಿಗೆ ಗುರುತಿನ ಹಚ್ಚೆ ಹಾಕುವಾಗ ಮೊಲಗಳ ಮುಖವನ್ನು ಚಿತ್ರ ತೆಗೆದು, ಮರಗಟ್ಟಿಸುವ ಮುಲಾಮು ಹಚ್ಚಿದ್ದಕ್ಕೂ ಹಚ್ಚದ್ದಕ್ಕೂ ಹೋಲಿಸಿ ನೋಡಿದರು. ಐದು ಜಾಗ ನೋಡಬೇಕು. ಕಣ್ಣು ಅರ್ಧ ಮುಚ್ಚಿ ಬಿಗಿದಿದೆಯೆ? ಉಬ್ಬಿರಬೇಕಾದ ಕೆನ್ನೆ ಒಳಸೇರಿ ಮೂತಿ ಚೂಪಾಗಿದೆಯೆ? ಮೂಗಿನ ಹೊಳ್ಳೆ ಮೇಲಿಂದ ಅಗಲವಾಗಿ ‘ಯು’ ಆಕಾರ ಇರುವುದು ಬಿಗಿದು ‘ವಿ’ ಆಗಿದೆಯೆ? ಮೀಸೆ ಸಡಿಲವಾಗಿ ಬಾಗುವ ಬದಲು ನೆಟ್ಟಗೆ ಸೆಟೆದಿದೆಯೆ? ಕಿವಿ ಸುರುಳಿ ಬಿಗಿದು ಬೆನ್ನಿಗೆ ಅಂಟಿದೆಯೆ? ಒಂದೊಂದಕ್ಕೂ ಇಲ್ಲವಾದರೆ ಸೊನ್ನೆ, ಸ್ವಲ್ಪವಾದರೆ ಒಂದು, ಸ್ಪಷ್ಟವಾದರೆ ಎರಡು ಅಂಕ. ನಮ್ಮ ಆಂತರಿಕ ಪರೀಕ್ಷೆಗಿಂತ ನ್ಯಾಯವಾದ ಅಂಕಪದ್ಧತಿ.

ನನ್ನ ಅಭಿಪ್ರಾಯದಲ್ಲಿ ಈ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ, ಚೆನ್ನಾಗಿರುವಾಗಲೇ ನಿಮ್ಮ ಮೊಲದ ಮುಖದ ಒಂದೆರಡು ಚಿತ್ರ ತೆಗೆದಿಟ್ಟುಕೊಳ್ಳುವುದು ಮೇಲು. ನೋವಿನ ಮುಖ ಗೊತ್ತಾಗುವುದು ನೆಮ್ಮದಿಯ ಮುಖ ಗೊತ್ತಿದ್ದವರಿಗೇ. ಜೋತ ಕಿವಿಯ ಜಾತಿಗಳಲ್ಲಿ ಕಿವಿಯನ್ನು ನಂಬಲಾಗುವುದಿಲ್ಲ. ನಿದ್ದೆಗಣ್ಣಿನ ಮೊಲವೂ ಅರ್ಧ ಕಣ್ಣು ಮುಚ್ಚಿರುತ್ತದೆ. ಇನ್ನೂ ಒಂದು ಮಾತು ಮನಸ್ಸನ್ನು ಚುಚ್ಚುತ್ತದೆ: ಮೊಲದ ನೋವಿನ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಪ್ರಯೋಗಶಾಲೆಯಿಂದ ಬಂದದ್ದು. ಸೌಂದರ್ಯಸಾಧನಗಳನ್ನು ಅವುಗಳ ಕಣ್ಣಿಗೆ ಬಿಟ್ಟು ಪರೀಕ್ಷಿಸುವುದು ದಶಕಗಳ ಕಾಲ ನಡೆಯಿತು. ಭಾರತದಲ್ಲಿ ಸೌಂದರ್ಯಸಾಧನಗಳಿಗಾಗಿ ಪ್ರಾಣಿಗಳ ಮೇಲಿನ ಪರೀಕ್ಷೆ ನಿಷೇಧವಾದದ್ದು 2014ರಲ್ಲಿ. ನೋಯಿಸಿದವರಿಂದಲೇ ನೋವನ್ನು ಓದಲು ಕಲಿತೆವು.

ಮೈಯ ಭಂಗಿಯೂ ಹೇಳುತ್ತದೆ. ನೆಮ್ಮದಿಯ ಮೊಲ ಹಿಂಗಾಲು ಚಾಚಿ ಮಗ್ಗುಲಾಗುತ್ತದೆ, ಕೆಲವೊಮ್ಮೆ ದೊಪ್ಪನೆ ಬಿದ್ದು ನಮ್ಮ ಎದೆ ಝಲ್ಲೆನಿಸುತ್ತದೆ. ನೋವಿನ ಮೊಲ ಬೆನ್ನು ಗೂನು ಮಾಡಿ, ಮುಂಗಾಲಿನ ಮೇಲೆ ಭಾರ ಕೊಟ್ಟು, ಕಣ್ಣು ಕಿರಿದು ಮಾಡಿ ಕೂರುತ್ತದೆ. ಹೊಟ್ಟೆ ನೋವಾದರೆ ಒಂದು ಕಡೆ ಕೂರಲಾರದು: ಹೊಟ್ಟೆಯನ್ನು ನೆಲಕ್ಕೆ ಒತ್ತುತ್ತದೆ, ಮೈ ಚಾಚುತ್ತದೆ, ಏಳುತ್ತದೆ, ಮತ್ತೆ ಬೇರೆಡೆ ಹೋಗಿ ಒತ್ತುತ್ತದೆ. ಮೈಯಲ್ಲಿ ಸಣ್ಣಗೆ ಅದುರು. ಹಲ್ಲು ಕಡಿಯುವ ಸದ್ದಿನಲ್ಲೂ ಎರಡುಂಟು. ತಲೆ ಸವರಿದಾಗ ಬರುವ ಮೆಲುವಾದ ಟಿಕಟಿಕ ಸುಖದ್ದು. ಮುಟ್ಟದಿದ್ದರೂ ದೂರಕ್ಕೆ ಕೇಳುವ ಕರಕರ ನೋವಿನದು. ಮೊದಮೊದಲು ವ್ಯತ್ಯಾಸ ತಿಳಿಯುವುದಿಲ್ಲ, ಒಮ್ಮೆ ಕೇಳಿದ ಮೇಲೆ ಮರೆಯುವುದಿಲ್ಲ. ಮತ್ತು ದಯವಿಟ್ಟು, ಮೊಲವನ್ನು ಅಂಗಾತ ಮಲಗಿಸಿ ‘ನೋಡಿ ಎಷ್ಟು ಆರಾಮಾಗಿದೆ’ ಎಂದು ತೋರಿಸಬೇಡಿ. ಅದು ಆರಾಮಲ್ಲ, ಹದ್ದಿನ ಉಗುರಿಗೆ ಸಿಕ್ಕಿದಾಗ ಸತ್ತಂತೆ ಬೀಳುವ ಭಯದ ಸ್ತಬ್ಧತೆ.

ಇದನ್ನೆಲ್ಲ ನೋಡುವುದು ಯಾವಾಗ ಎಂಬುದೂ ಮುಖ್ಯ. ಮೂಳೆಯ ಶಸ್ತ್ರಚಿಕಿತ್ಸೆಯಾದ ಮೊಲಗಳ ಬಗ್ಗೆ 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎದುರಿಗೆ ಮನುಷ್ಯ ನಿಂತಿದ್ದಾಗ ಅವು ನೋವಿನ ಚಹರೆಗಳನ್ನು ಮರೆಮಾಡಿದ್ದು ಕಂಡುಬಂದಿತು. ಒಬ್ಬಂಟಿಯಾಗಿ ಬಿಟ್ಟು ಕ್ಯಾಮರಾದಲ್ಲಿ ನೋಡಿದಾಗ ಬೇರೆಯೇ ಚಿತ್ರ. ನಾವು ಮನೆಯಲ್ಲಿ ಮಾಡುವುದು ಇಷ್ಟೇ: ಫೋನನ್ನು ಪುಸ್ತಕಕ್ಕೆ ಒರಗಿಸಿ, ಚಿತ್ರೀಕರಣಕ್ಕೆ ಹಚ್ಚಿ, ಹತ್ತು ನಿಮಿಷ ಹೊರಗೆ ಹೋಗುವುದು. ಡಾಕ್ಟರಿಗೂ ಅದನ್ನೇ ತೋರಿಸುವುದು. ಅವರ ಮೇಜಿನ ಮೇಲೆ ಮೊಲ ಕಲ್ಲಿನ ಮೊಲವಾಗುತ್ತದೆ.

ಉಳಿದ ಲಕ್ಷಣಗಳನ್ನು ಬೇಗ ಬೇಗ ಹೇಳಿ ಮುಗಿಸುತ್ತೇನೆ. ಮುಂಗಾಲಿನ ಒಳಮೈ ಕೂದಲು ಜಡೆಗಟ್ಟಿದ್ದರೆ ಅದು ಮೂಗು ಒರೆಸಿಕೊಳ್ಳುತ್ತಿದೆ ಎಂದರ್ಥ. ಮೂಗು ಒಣಗಿ ಕಂಡರೂ ನೆಗಡಿ ಇರುತ್ತದೆ. ಮೊಲದ ನೆಗಡಿಯನ್ನು ಹಗುರಾಗಿ ತೆಗೆದುಕೊಳ್ಳಬಾರದು. ಅದು ಉಸಿರಾಡುವುದು ಮೂಗಿನಿಂದ ಮಾತ್ರ. ಬಾಯಿ ತೆರೆದು ಏದುತ್ತಿದ್ದರೆ ಜೀವಕ್ಕೆ ಸಂಚಕಾರ. ಒಂದೇ ಕಣ್ಣಿನಲ್ಲಿ ನೀರು ಸುರಿದರೆ ಎಷ್ಟೋ ಸಲ ಮೇಲಿನ ಹಲ್ಲಿನ ಬೇರೇ ಅಪರಾಧಿ. ತಲೆ ಒಂದು ಕಡೆ ಓರೆಯಾಗಿ ಮೈ ಉರುಳತೊಡಗಿದರೆ ಒಳಕಿವಿಯ ಸೋಂಕೋ, ಮೆದುಳನ್ನು ಮುಟ್ಟುವ ಒಂದು ಸೂಕ್ಷ್ಮ ಪರಾವಲಂಬಿಯೋ ಇರಬಹುದು; ನೋಡಲು ಭಯಂಕರ, ಆದರೆ ಬೇಗ ಹೋದರೆ ಎಷ್ಟೋ ಮೊಲಗಳು ಸುಧಾರಿಸುತ್ತವೆ. ಮೂತ್ರ ಕೆಂಪಗಿದ್ದ ಮಾತ್ರಕ್ಕೆ ರಕ್ತವಲ್ಲ. ಸೊಪ್ಪಿನ ಬಣ್ಣದಿಂದಲೂ ಹಾಗಾಗುತ್ತದೆ. ಆದರೆ ಸುಣ್ಣದ ತಿಳಿಯಂತೆ ದಪ್ಪಗೆ ಬಂದರೆ, ತಿಣುಕಿದರೆ, ಹಿಂಗಾಲು ಒದ್ದೆಯಾಗಿದ್ದರೆ ತೋರಿಸಬೇಕು. ಹಿಂಗಾಲಿನ ಹಿಮ್ಮಡಿ ನೋಡಿ: ನಾಯಿ ಬೆಕ್ಕಿಗಿರುವ ಮೆತ್ತೆ ಮೊಲಕ್ಕಿಲ್ಲ, ಕೂದಲೇ ಚಪ್ಪಲಿ. ತಂತಿಯ ಪಂಜರದಲ್ಲಿ ಕೂರಿಸಿದರೆ ಕೂದಲು ಹೋಗಿ ಹುಣ್ಣಾಗುತ್ತದೆ. ಮಳೆಗಾಲದಲ್ಲಿ ಬಾಲದ ಬುಡ ದಿನಕ್ಕೆರಡು ಸಲ ನೋಡಬೇಕು; ಹೇಸಿಗೆ ಮೆತ್ತಿದ ಕಡೆ ನೊಣ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳವಾಗಿ ಬದುಕಿರುವ ಮಾಂಸವನ್ನು ತಿನ್ನುತ್ತವೆ. ಹೆಣ್ಣುಮೊಲ ಸಾಕಿದವರು ಇದನ್ನೂ ತಿಳಿದಿರಲಿ: ಗರ್ಭಕೋಶದ ಕ್ಯಾನ್ಸರು ಅವುಗಳಲ್ಲಿ ಬಹಳ ಸಾಮಾನ್ಯ, ನಾಲ್ಕು ವರ್ಷ ದಾಟಿದವುಗಳಲ್ಲಿ ಹೆಚ್ಚು. ಚಿಕ್ಕಂದಿನಲ್ಲೇ ಗರ್ಭಕೋಶ ತೆಗೆಸಿದರೆ ಆ ಭಯವಿಲ್ಲ. ಮಲ್ಲಿಗೆ ಮಾಡಿಸಿದ್ದೇವೆ.

ಬಿಸಿಲಿನ ವಿಷಯದಲ್ಲಿ ಅವ್ವ ಪೂರ್ತಿ ತಪ್ಪಿರಲಿಲ್ಲ. ಮೊಲ ಬೆವರುವುದಿಲ್ಲ, ನಾಯಿಯಂತೆ ನಾಲಿಗೆ ಚಾಚಿ ತಂಪಾಗಲೂ ಬಾರದು. ಅದರ ಉಷ್ಣ ಹೊರಹೋಗುವುದು ಮುಖ್ಯವಾಗಿ ಕಿವಿಯ ರಕ್ತನಾಳಗಳಿಂದ. ಮೂವತ್ತು ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ. ಪುಣೆಯ ಏಪ್ರಿಲಿನಲ್ಲಿ ನಲವತ್ತರ ಹತ್ತಿರ ಹೋಗುತ್ತದೆ. ಕಿವಿ ಕೆಂಡದಂತೆ ಬಿಸಿ, ಉಸಿರು ಧಾವಂತ, ಮೂತಿ ಒದ್ದೆ, ಮೈ ಜೋಲಿ ಎಂದರೆ ಬಿಸಿಲಿನ ಹೊಡೆತ. ಕಿವಿಗೆ ತಣ್ಣೀರಿನ ಬಟ್ಟೆ ಒತ್ತಬೇಕು, ಗಾಳಿ ಹಾಕಬೇಕು, ಡಾಕ್ಟರಲ್ಲಿಗೆ ಒಯ್ಯಬೇಕು. ಬಕೀಟಿನಲ್ಲಿ ಮುಳುಗಿಸಬಾರದು, ಬರ್ಫದ ನೀರು ಕೂಡದು. ಆ ಆಘಾತಕ್ಕೇ ಹೋಗಿಬಿಡಬಹುದು. ಇದಕ್ಕೆ ವಿರುದ್ಧವಾಗಿ, ಊಟ ಬಿಟ್ಟ ಮೊಲದ ಕಿವಿ ತಣ್ಣಗಿದ್ದರೆ ಅದು ಇನ್ನೂ ಕೆಟ್ಟ ಚಿಹ್ನೆ. ಮೈಯ ಉಷ್ಣ ಇಳಿಯುತ್ತಿದೆ. ಮೊಲದ ಸಹಜ ಉಷ್ಣ 101ರಿಂದ 104 ಡಿಗ್ರಿ ಫ್ಯಾರನ್‌ಹೀಟ್. ನಮಗೆ ಜ್ವರವಾದದ್ದು ಅದಕ್ಕೆ ಆರೋಗ್ಯ.

ಔಷಧದ ಬಗ್ಗೆ ನಾಲ್ಕು ಮಾತು ಹೇಳಲೇಬೇಕು, ಯಾಕೆಂದರೆ ಒಮ್ಮೆ ಇದರಲ್ಲಿ ಕೂದಲೆಳೆಯಿಂದ ಪಾರಾದೆವು. ಮಲ್ಲಿಗೆ ಹೇನಾಗಿದೆಯೆಂದು ಒಬ್ಬರು ನಾಯಿಗೆ ಹಚ್ಚುವ ಹನಿಮದ್ದನ್ನು ಬರೆದುಕೊಟ್ಟರು. ಅಂಗಡಿಯಲ್ಲಿ ಡಬ್ಬಿಯ ಮೇಲೆ ಓದಿದರೆ ಫಿಪ್ರೊನಿಲ್. ನಾಯಿಗೆ ಸರಿ, ಮೊಲಕ್ಕೆ ಸೆಳವು ಬಂದು ಸಾಯುವಷ್ಟು ವಿಷ. ಹಾಗೆಯೇ ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಮೈಸಿನ್, ಲಿಂಕೊಮೈಸಿನ್ ಇವುಗಳನ್ನು ಮೊಲದ ಬಾಯಿಗೆ ಹಾಕಬಾರದು. ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು, ವಿಷ ಕಾರುವ ಕೆಟ್ಟವು ಬೆಳೆದು, ರೋಗಕ್ಕಿಂತ ಮೊದಲು ಮದ್ದೇ ಕೊಲ್ಲುತ್ತದೆ. ಮನೆಯಲ್ಲಿ ಮಿಕ್ಕ ಮನುಷ್ಯರ ಗುಳಿಗೆಯನ್ನು ಪುಡಿ ಮಾಡಿ ಹಾಕುವವರಿದ್ದಾರೆ, ಅದು ಬೇಡ. ನೋವಿಗೆ ಮೊಲಕ್ಕೂ ಒಗ್ಗುವ ಔಷಧಿಗಳಿವೆ, ಮೆಲಾಕ್ಸಿಕ್ಯಾಮ್ ಅಂಥದೊಂದು. ತೂಕ ನೋಡಿ ಪ್ರಮಾಣ ಹೇಳುವುದು ಡಾಕ್ಟರ ಕೆಲಸ.

ಎಲ್ಲ ಡಾಕ್ಟರೂ ಮೊಲವನ್ನು ನೋಡುವುದಿಲ್ಲ, ನೋಡುವವರೆಲ್ಲರಿಗೂ ಮೊಲ ಗೊತ್ತಿರುವುದಿಲ್ಲ. ಇದು ಅವರ ತಪ್ಪೆಂದು ನಾನು ಹೇಳಲಾರೆ. ಅವರ ಬಾಗಿಲಿಗೆ ಬರುವ ನೂರರಲ್ಲಿ ಮೊಲ ಎಷ್ಟು? ಆದ್ದರಿಂದ ಮೊಲ ಆರೋಗ್ಯವಾಗಿರುವಾಗಲೇ ನಾಲ್ಕು ಕಡೆ ವಿಚಾರಿಸಿ, ಮೊಲಕ್ಕೆ ಅರಿವಳಿಕೆ ಕೊಟ್ಟು ಅಭ್ಯಾಸವಿದ್ದವರು ಯಾರು, ರಾತ್ರಿ ಸಿಗುವವರು ಯಾರು ಎಂದು ಬರೆದಿಟ್ಟುಕೊಳ್ಳಬೇಕು. ಹೋಗುವಾಗ ಆ ದಿನದ ಹಿಕ್ಕೆಯನ್ನು ಡಬ್ಬಿಯಲ್ಲಿ ಒಯ್ಯಿರಿ. ಕೊನೆಯ ಸಲ ತಿಂದದ್ದು ಯಾವಾಗ, ತೂಕ ಎಷ್ಟು ಎಂದು ಬರೆದುಕೊಂಡು ಹೋಗಿರಿ. ಚೀಲದಲ್ಲಿ ಅದರದೇ ಹುಲ್ಲು ಹಾಕಿದರೆ ಹೆದರಿಕೆ ಸ್ವಲ್ಪ ಕಡಿಮೆ.

ತೂಕಕ್ಕೆ ನಾವು ಅಡುಗೆಮನೆಯ ತಕ್ಕಡಿಯನ್ನೇ ಬಳಸುತ್ತೇವೆ. ಪ್ರತಿ ರವಿವಾರ ಮುಂಜಾನೆ ಬುಟ್ಟಿಯಲ್ಲಿ ಕೂರಿಸಿ. ಎರಡು ಕಿಲೋ ಮೊಲದಲ್ಲಿ ಇನ್ನೂರು ಗ್ರಾಂ ಇಳಿದರೆ ಕಣ್ಣಿಗೆ ಕಾಣುವುದಿಲ್ಲ, ಮೈತುಂಬ ಕೂದಲಿರುತ್ತದಲ್ಲ. ಆದರೆ ಅದು ಹತ್ತರಲ್ಲೊಂದು ಪಾಲು, ನಮ್ಮ ಲೆಕ್ಕದಲ್ಲಿ ಐದಾರು ಕಿಲೋ ಕಳೆದುಕೊಂಡಂತೆ. ಲೆಕ್ಕ ಬರೆಯುವುದು ಅವ್ವ. ಹಾಲಿನವನ ಲೆಕ್ಕದ ವಹಿಯ ಹಿಂದಿನ ಪುಟಗಳಲ್ಲಿ ತಾರೀಖು, ಗ್ರಾಮು, ಒಂದು ಮಾತು: ‘ಛಲೋ’, ‘ಛಲೋ’, ‘ಸಣ್ಣ ಹಿಕ್ಕಿ’, ‘ದಂಟ ಬಿಟ್ಟದ’, ‘ಛಲೋ’. ಮೊನ್ನೆ ಈ ಲೇಖನಕ್ಕೆಂದು ವಹಿ ತಿರುವಿದಾಗ, ಅದರ ಮೊದಲನೆಯ ಸಾಲು ಮಲ್ಲಿ ಬಂದ ದಿನದ್ದಲ್ಲ ಎಂದು ತಿಳಿಯಿತು. ಮೇಲುಗಡೆ, ಪೆನ್ಸಿಲಿನಲ್ಲಿ, 2019ರ ಮೇ ತಿಂಗಳ ಒಂದು ಶುಕ್ರವಾರದ ತಾರೀಖು ಬರೆದು ಮುಂದೆ ಖಾಲಿ ಬಿಟ್ಟಿದ್ದಾಳೆ.